ಬೆವರಿದ ಎದೆ ಮತ್ತು ಇಸಿಜಿ ಗೆರೆ

2025ರ ಬೇಸಿಗೆ ಮತ್ತು ಮಳೆಗಾಲದ ನಡುವೆ ಹಾಸನ ಜಿಲ್ಲೆಯಲ್ಲಿ ಒಬ್ಬರ ಹಿಂದೆ ಒಬ್ಬರು, ಅದರಲ್ಲೂ ಎಳೆಯ ವಯಸ್ಸಿನವರು, ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಅರಸೀಕೆರೆ, ಬೇಲೂರು, ಹಳೇಬೀಡಿನ ಮನೆಗಳಲ್ಲೆಲ್ಲ ಮಾತಾಗಿತ್ತು. ಸರ್ಕಾರ ತಜ್ಞರಿಂದ ಅಧ್ಯಯನವನ್ನೂ ಮಾಡಿಸಿತು. ಇದಕ್ಕೆ ಸಂಬಂಧಿಸಿದ ಒಂದು ಸಣ್ಣ ವಿಷಯವನ್ನು ದಾನಿಗಳ ಹಾಗೂ ವಿದ್ಯಾರ್ಥಿವೇತನ ಪಡೆಯುವ ಕುಟುಂಬಗಳ ಗಮನಕ್ಕೆ ತರುತ್ತಿದ್ದೇವೆ. ನರ್ಸಿಂಗ್, ಪ್ಯಾರಾಮೆಡಿಕಲ್ ಓದುವ ಮಕ್ಕಳು ವಿಶೇಷವಾಗಿ ಓದಬೇಕು.

ಹೃದಯಾಘಾತವಾದಾಗ ಅನೇಕರಿಗೆ ತಣ್ಣನೆಯ ಬೆವರು ಕಿತ್ತುಬಂದು ಅಂಗಿ ತೊಯ್ದುಹೋಗುತ್ತದೆ. ಕಾಯಿಲೆಯ ಸುಳಿವು ಕೊಡುವ ಈ ಬೆವರೇ ಇಸಿಜಿಗೆ ಅಡ್ಡಿ. ಇಸಿಜಿಗಾಗಿ ಎದೆ, ಕೈಕಾಲುಗಳಿಗೆ ಒಟ್ಟು 10 ಎಲೆಕ್ಟ್ರೋಡ್ ಹಾಕುತ್ತಾರೆ. ಚರ್ಮದವರೆಗೆ ಬರುವ ಹೃದಯದ ವಿದ್ಯುತ್ತು ಒಂದು ಮಿಲಿವೋಲ್ಟಿನ ಆಸುಪಾಸು ಮಾತ್ರ. ಅಂಟು ಜಾರಿದರೆ ಗೆರೆ ಮೇಲೆ ಕೆಳಗೆ ಅಲೆಯುತ್ತದೆ, ಪೂರ್ತಿ ಕಳಚಿದರೆ ನೇರ ಗೆರೆಯೇ ಬರಬಹುದು. ಗೆರೆಯ ಒಂದು ಭಾಗ ಒಂದೆರಡು ಮಿಲಿಮೀಟರ್ ಏರಿದೆಯೇ ಎಂಬುದರ ಮೇಲೆ ಚಿಕಿತ್ಸೆ ನಿಂತಿರುತ್ತದೆ.

ನಮ್ಮ ಭಾಗಕ್ಕೆ ಇದು ಇನ್ನೂ ಮುಖ್ಯ. ಅರಸೀಕೆರೆಯಿಂದಲಾಗಲಿ ಬೇಲೂರಿನಿಂದಲಾಗಲಿ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ 2024ರಲ್ಲಿ ಆರಂಭವಾದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂತಹ ಕೇಂದ್ರದ ಹೃದ್ರೋಗ ತಜ್ಞರು ನೋಡುತ್ತಾರೆ. ಅಗತ್ಯವಿದ್ದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡಲಾಗುತ್ತದೆ. ದೂರದಲ್ಲಿ ಕುಳಿತ ತಜ್ಞರಿಗೆ ರೋಗಿಯ ಬೆವರು ಕಾಣದು, ಗೆರೆ ಮಾತ್ರ ಕಾಣುತ್ತದೆ.

ಪರಿಹಾರ ಬಡ ಆಸ್ಪತ್ರೆಗೂ ಎಟುಕುವಂಥದ್ದು. ಒಣ ಟವೆಲ್ ಅಥವಾ ಗಾಜ್ ಬಟ್ಟೆಯಿಂದ ಎದೆಯನ್ನು ಚೆನ್ನಾಗಿ ಒರೆಸಬೇಕು, ದಟ್ಟ ಕೂದಲಿದ್ದರೆ ಆ ಜಾಗದಲ್ಲಷ್ಟೇ ಬೋಳಿಸಬೇಕು. ಎಲೆಕ್ಟ್ರೋಡಿನ ಅಂಚನ್ನು ಒತ್ತಬೇಕೇ ಹೊರತು ನಡುವಿನ ಜೆಲ್ಲನ್ನಲ್ಲ. ಪೊಟ್ಟಣ ಒಡೆದಿಟ್ಟರೆ ಜೆಲ್ ಒಣಗಿ ಕೆಲಸಕ್ಕೆ ಬಾರದಾಗುತ್ತದೆ. ಆದರೂ ನಿಲ್ಲದಿದ್ದರೆ ಟಿಂಚರ್ ಬೆಂಜಾಯಿನ್ ಅನ್ನು ಅಂಟು ಕೂರುವ ಸುತ್ತಲಿನ ಜಾಗಕ್ಕೆ ಮಾತ್ರ ಹಚ್ಚಿ, ಆರಲು ಬಿಟ್ಟು ಅಂಟಿಸುವುದುಂಟು. (ಬೆಂಜಾಯಿನ್ ಎಂದರೆ ಬೇರೇನಲ್ಲ, ನಮ್ಮ ಮನೆಗಳಲ್ಲಿ ಹೊಗೆ ಹಾಕುವ ಲೋಬಾನ್, ಸಾಂಬ್ರಾಣಿ.) ಹೃದಯ ನಿಂತಾಗ ಶಾಕ್ ಕೊಡುವ ಪ್ಯಾಡ್ ಹಾಕುವ ಮೊದಲೂ ಎದೆಯನ್ನು ಬೇಗನೆ ಒರೆಸಲೇಬೇಕು.

ಹೆಣ್ಣುಮಕ್ಕಳ ವಿಷಯವನ್ನು ಬಿಡಿಸಿಯೇ ಹೇಳಬೇಕು. ಎಲೆಕ್ಟ್ರೋಡ್ ಬಟ್ಟೆಯ ಮೇಲೆ ಕೆಲಸ ಮಾಡುವುದಿಲ್ಲ. ಕೆಲವನ್ನು ಎಡ ಸ್ತನದ ಕೆಳಗೇ ಹಾಕಬೇಕು. ಸಂಕೋಚದಿಂದ ಜಾಗ ತಪ್ಪಿಸಿದರೆ ಗೆರೆಯೂ ತಪ್ಪುತ್ತದೆ. ಮಹಿಳಾ ಸಿಬ್ಬಂದಿ ಬೇಕೆಂದು, ಮೇಲೆ ಹೊದಿಕೆ ಬೇಕೆಂದು ಕೇಳಬಹುದು, ಕೇಳಿ. ಸಿಬ್ಬಂದಿ ಸಿಗದಿದ್ದರೆ ಕಾಯುವುದು ಬೇಡ: ಆಸ್ಪತ್ರೆಗೆ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ವೈದ್ಯಕೀಯ ನಿಯಮ. ಎದೆನೋವಿನ ಜೊತೆ ಬೆವರು ಬಂದರೆ ಗ್ಯಾಸ್ ಎಂದು ಸೋಡಾ ಕುಡಿಸಿ ಕೂರಿಸದೆ 108ಕ್ಕೆ ಕರೆ ಮಾಡಿ, ಹೊರಡುವಾಗ ಕೈಯಲ್ಲೊಂದು ಒಣ ಟವೆಲ್ ಹಿಡಿದುಕೊಳ್ಳಿ.