ಮರಿ ಬಿಡೋದು ನಿಲ್ಲಿಸಿದರು, ಮೀನು ಹೆಚ್ಚಾಯ್ತು!

ನದಿಯಲ್ಲಿ ಮೀನು ಕಡಿಮೆಯಾದರೆ ಸರ್ಕಾರಗಳು ಏನು ಮಾಡ್ತವೆ? ಹ್ಯಾಚರಿಯಿಂದ ಲಾರಿಯಲ್ಲಿ ಮರಿ ತಂದು ನೀರಿಗೆ ಸುರಿಯುತ್ತವೆ. ಫೋಟೋ ಬರುತ್ತೆ, ಸುದ್ದಿಯೂ ಆಗುತ್ತೆ. ಬಿಟ್ಟ ಮರಿಗಳು ಬದುಕಿದವಾ ಅಂತ ಕೇಳೋರು ಕಡಿಮೆ.

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಒಬ್ಬರು ಕೇಳಿದರು. ಹೆಸರು ಡಿಕ್ ವಿನ್ಸೆಂಟ್, ಮೀನುಗಾರಿಕೆ ಇಲಾಖೆಯ ಜೀವವಿಜ್ಞಾನಿ. ಅಲ್ಲಿನವರಿಗೆ ಟ್ರೌಟ್ ಮೀನೆಂದರೆ ಪ್ರಾಣ. ವಿನ್ಸೆಂಟ್ 1960ರ ದಶಕದ ಕೊನೆಯಿಂದ ಮ್ಯಾಡಿಸನ್ ನದಿಯಲ್ಲಿ ಮೀನು ಎಣಿಸತೊಡಗಿದರು. ನದಿಯ ಒಂದು ಭಾಗದಲ್ಲಿ ಮರಿ ಬಿಡೋದನ್ನು ನಿಲ್ಲಿಸಲಾಯಿತು. ಹತ್ತಿರದ ಓಡೆಲ್ ತೊರೆಗೆ ಹೊಸದಾಗಿ ಬಿಡಲಾಯಿತು. ಏನಾಯ್ತು ಗೊತ್ತಾ? ನಿಲ್ಲಿಸಿದ ಕಡೆ ಕಾಡು ಟ್ರೌಟ್, ಅಂದರೆ ನದಿಯಲ್ಲೇ ಹುಟ್ಟಿ ಬೆಳೆದ ಮೀನು, ಹೆಚ್ಚಾಯ್ತು. ಬಿಟ್ಟ ಕಡೆ ಕುಸಿಯಿತು!

ಕಾರಣ ಸರಳ. ಸಿಮೆಂಟ್ ತೊಟ್ಟಿಯಲ್ಲಿ ಬೆಳೆದ ಮೀನು ಹೊಳೆಗೆ ಬಿದ್ದ ತಕ್ಷಣ ಕಾಡು ಮೀನಿನ ಜಾಗಕ್ಕೆ ನುಗ್ಗುತ್ತೆ. ಅದನ್ನು ಓಡಿಸುತ್ತೆ. ಆಮೇಲೆ ಹರಿವಿನಲ್ಲಿ ಬದುಕಲು ಬಾರದೆ ತಾನೂ ಸಾಯುತ್ತೆ.

ವಿರೋಧ ಜೋರಾಗಿತ್ತು. ಆದರೂ 1974ರಲ್ಲಿ ಮೊಂಟಾನಾ, ಕಾಡು ಟ್ರೌಟ್ ಇರುವ ನದಿಗಳಿಗೆ ಹ್ಯಾಚರಿ ಮೀನು ಬಿಡೋದನ್ನು ನಿಲ್ಲಿಸಿತು. ಹಾಗಾದರೆ ಮೀನಿಗೆ ಬೇಕಾದ್ದೇನು? ವಾಸಕ್ಕೆ ಯೋಗ್ಯವಾದ ಹೊಳೆ.

ನಾನು ಇಂಜಿನಿಯರಿಂಗ್ ಓದಿದವನು. ನೀರು ಬೇಗ ಹರಿಯಬೇಕಾದರೆ ಕಾಲುವೆ ನೇರವಾಗಿರಲಿ, ನುಣುಪಾಗಿರಲಿ ಅಂತ ನಮಗೆ ಹೇಳಿಕೊಡ್ತಾರೆ. ಟ್ರೌಟ್‌ಗೆ ಬೇಕಿರೋದು ಪೂರ್ತಿ ಉಲ್ಟಾ. ತಿರುವು ಬೇಕು, ಮಡು ಬೇಕು, ಬಿದ್ದ ಮರ ಬೇಕು. ಅದರ ಮರೆಯಲ್ಲೇ ಮೀನು ವಿಶ್ರಾಂತಿ ಪಡೆಯೋದು. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದಕ್ಕೆ ಸಂಕಟ, ಯಾಕಂದರೆ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಹಾಗಾಗಿ ದಡದಲ್ಲಿ ನೆರಳು ಬೇಕು. ಹೆಣ್ಣು ಟ್ರೌಟ್ ಬಾಲದಿಂದ ಜಲ್ಲಿ ಕೆದಕಿ ಮೊಟ್ಟೆಯಿಟ್ಟು ಮುಚ್ಚುತ್ತೆ. ಜಲ್ಲಿಯ ಸಂದಿಯಲ್ಲಿ ನೀರು ಹರಿದರೆ ಮಾತ್ರ ಮೊಟ್ಟೆಗೆ ಉಸಿರು. ದನಗಳು ದಡ ತುಳಿದು ಹೂಳು ಬಿದ್ದರೆ? ಮೊಟ್ಟೆ ಅಲ್ಲೇ ಸತ್ತಂತೆ.

ಅದಕ್ಕೇ ಹೊಳೆ ರಿಪೇರಿ ಅಂದರೆ ಬೇಲಿ ಹಾಕೋದು, ದಡದಲ್ಲಿ ವಿಲ್ಲೋ ಗಿಡ ನೆಡೋದು, ಕಳೆದುಹೋದ ತಿರುವುಗಳನ್ನು ಮತ್ತೆ ಕೊಡೋದು. ಕಾನೂನಿನ ಬಲವೂ ಇತ್ತು. ಸರ್ಕಾರಿ ಕಾಮಗಾರಿಗಳು ಹೊಳೆ ಕೆಡಿಸದಂತೆ 1963ರಲ್ಲೇ ಕಾಯ್ದೆ ಬಂತು. 1975ರಲ್ಲಿ ಖಾಸಗಿಯವರೂ ಅನುಮತಿಯಿಲ್ಲದೆ ಹೊಳೆ ಮುಟ್ಟುವ ಹಾಗಿಲ್ಲ ಅಂತಾಯ್ತು.

ಪರೀಕ್ಷೆಯೂ ಎದುರಾಯ್ತು. 1994ರಲ್ಲಿ ಮ್ಯಾಡಿಸನ್‌ನಲ್ಲಿ ವರ್ಲಿಂಗ್ ಡಿಸೀಸ್ ಎಂಬ ಪರಾವಲಂಬಿ ರೋಗ ಪತ್ತೆಯಾಯ್ತು. ಕೆಲವು ಕಡೆ ರೇನ್‌ಬೋ ಟ್ರೌಟ್ ಶೇ. 90ರಷ್ಟು ಕುಸಿಯಿತು. ಆಗಲೂ ಹ್ಯಾಚರಿ ಲಾರಿ ವಾಪಸ್ ಬರಲಿಲ್ಲ. ಉಳಿದ ಮೀನುಗಳೇ ಮರಿ ಮಾಡಿದವು. ವರ್ಷಗಳ ನಂತರ ಸಂಖ್ಯೆ ಚೇತರಿಸಿತು.

ಈಗ ನಮ್ಮ ಕಾವೇರಿಗೆ ಬನ್ನಿ. ಇಲ್ಲಿ ಟ್ರೌಟ್ ಇಲ್ಲ, ಆದರೆ ಡುಬ್ಬದ ಮಹಶೀರ್ ಇದೆ. ಒಂದೊಂದು 50 ಕೆಜಿ ತೂಗುತ್ತಿದ್ದ ಮೀನು. 1970ರ ದಶಕದಿಂದ ಕಾವೇರಿಗೆ ಬಿಟ್ಟಿದ್ದು ಹ್ಯಾಚರಿಯಲ್ಲಿ ಬೆಳೆದ ನೀಲಿ ರೆಕ್ಕೆಯ ಬೇರೆ ಜಾತಿಯ ಮಹಶೀರ್. ಈಗ ನದಿಯಲ್ಲಿ ಅದರದ್ದೇ ರಾಜ್ಯ. ನಮ್ಮ ಡುಬ್ಬದ ಮಹಶೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿ ಸೇರಿತು. ಅಣೆಕಟ್ಟು, ಮರಳು ಗಣಿಗಾರಿಕೆ, ಡೈನಮೈಟ್ ಇವೂ ಜೊತೆ ಸೇರಿದವು.

ಹಾಗಾಗಿ ವೀಕ್ಷಕರೇ, ಮುಂದೆ ಯಾರಾದರೂ ಇಷ್ಟು ಲಕ್ಷ ಮರಿ ಬಿಟ್ಟಿದ್ದೇವೆ ಅಂತ ಲೆಕ್ಕ ಕೊಟ್ಟರೆ ಮೂರು ಪ್ರಶ್ನೆ ಕೇಳಿ. ಅದು ಈ ನದಿಯದ್ದೇ ಜಾತಿಯಾ? ಬೇಸಿಗೆಯಲ್ಲಿ ನೀರು ಹರಿಯುತ್ತಾ? ಮೊಟ್ಟೆ ಇಡೋಕೆ ಜಾಗ ಉಳಿದಿದೆಯಾ?