ನಿಮಗಿದು ಗೊತ್ತೆ? ಯೋಚಿಸುತ್ತ ನಿಂತರೂ ದಂಡ!

ಗಾಲ್ಫ್‌ನಲ್ಲಿ ಚೆಂಡನ್ನು ಸರಿಯಾಗಿಯೇ ಹೊಡೆದರೂ ದಂಡ ಬೀಳಬಹುದು. ಹೊಡೆಯುವ ಮೊದಲು ಬಹಳ ಹೊತ್ತು ಯೋಚಿಸುತ್ತ ನಿಂತರೆ ಸಾಕು!

2013ರಲ್ಲಿ ಅಮೆರಿಕದ ಅಗಸ್ಟಾದಲ್ಲಿ ನಡೆದ ಮಾಸ್ಟರ್ಸ್ ಟೂರ್ನಿಯಲ್ಲಿ ಈ ಶಿಕ್ಷೆಗೆ ಒಳಗಾದವನು 14 ವರ್ಷದ ಶಾಲಾ ಬಾಲಕ, ಚೀನಾದ ಗುವಾನ್ ಟಿಯಾನ್‌ಲಾಂಗ್. ಎರಡನೇ ಸುತ್ತಿನ ದಿನ ಗಾಳಿ ಗಳಿಗೆಗೊಂದು ದಿಕ್ಕಿಗೆ ಬೀಸುತ್ತಿತ್ತು. ಯಾವ ಕ್ಲಬ್ ಹಿಡಿಯಲಿ ಎಂಬ ಗೊಂದಲದಲ್ಲಿ ಹುಡುಗ ತಡ ಮಾಡುತ್ತಿದ್ದ. ಅಧಿಕಾರಿಗಳು ಗಡಿಯಾರ ಹಿಡಿದು ಹಿಂದೆ ಬಿದ್ದರು. 13ನೇ ಕುಳಿಯಲ್ಲಿ ಎಚ್ಚರಿಕೆ ಬಂತು. 17ನೇ ಕುಳಿಯಲ್ಲಿ ಎರಡನೇ ಹೊಡೆತಕ್ಕೆ ಮತ್ತೆ ಹೊತ್ತು ಮೀರಿತು. ನಾಲ್ಕೇ ಹೊಡೆತದಲ್ಲಿ ಚೆಂಡು ಕುಳಿ ಸೇರಿದ್ದರೂ ಒಂದು ಹೊಡೆತದ ದಂಡ ಸೇರಿ ಕಾರ್ಡಿನಲ್ಲಿ ಐದು ಎಂದು ಬರೆಯಬೇಕಾಯಿತು.

ಆ ಒಂದು ಹೊಡೆತ ಹುಡುಗನನ್ನು ಮನೆಗೆ ಕಳಿಸುವುದರಲ್ಲಿತ್ತು. ಮುನ್ನಡೆಯಲ್ಲಿದ್ದವನಿಗಿಂತ 10 ಹೊಡೆತದೊಳಗೆ ಹಿಂದಿದ್ದವರಿಗೂ ಮೂರನೇ ಸುತ್ತಿಗೆ ಅವಕಾಶ ಎಂಬುದು ಆಗಿನ ನಿಯಮ. ಈತ ಹಿಂದಿದ್ದುದು ಸರಿಯಾಗಿ 10 ಹೊಡೆತ! ಕೂದಲೆಳೆಯಲ್ಲಿ ಪಾರು.

ಹುಡುಗ ತಕರಾರು ತೆಗೆಯಲಿಲ್ಲ, ತೀರ್ಪು ಒಪ್ಪಿಕೊಂಡ. ದೊಡ್ಡವರೂ ಆಮೆಗತಿಯಲ್ಲೇ ಆಡುತ್ತಾರಲ್ಲ, ಪೋರನಿಗೆ ಮಾತ್ರ ಏಕೆ ದಂಡ ಎಂದು ಗೊಣಗಿದವರು ಅಭಿಮಾನಿಗಳು. ಗೊಣಗಾಟದಲ್ಲಿ ಹುರುಳಿತ್ತು ಬಿಡಿ.

2019ರಿಂದ ನಿಯಮ ಇನ್ನಷ್ಟು ಚುರುಕಾಗಿದೆ. ಒಂದು ಹೊಡೆತಕ್ಕೆ 40 ಸೆಕೆಂಡು ಸಾಕು ಎನ್ನುತ್ತದೆ ನಿಯಮ ಪುಸ್ತಕ. ಕಳೆದ ಚೆಂಡು ಹುಡುಕಲು ಮೊದಲು 5 ನಿಮಿಷ ಸಿಗುತ್ತಿತ್ತು, ಈಗ 3 ನಿಮಿಷ ಮಾತ್ರ.

ಅಂದಹಾಗೆ, 2013ರ ಮಾಸ್ಟರ್ಸ್‌ನ ನಾಲ್ಕೂ ಸುತ್ತು ಆಡಿದ ಏಕೈಕ ಹವ್ಯಾಸಿ ಆಟಗಾರ ಗುವಾನ್. ಹವ್ಯಾಸಿಗಳಿಗೆ ಮೀಸಲಾದ ಬೆಳ್ಳಿ ಕಪ್ ಅವನದಾಯಿತು.