ಮೌನ ಸಮ್ಮತಿಯಾಗಲಿಲ್ಲ

2002ರ ಮಾತು. ನಂಜನಗೂಡಿನ ನಮ್ಮ ಮನೆಯ ಕಂಪ್ಯೂಟರಿಗೆ ಅಂತರ್ಜಾಲ ಬರುತ್ತಿದ್ದುದು ದೂರವಾಣಿ ತಂತಿಯ ಮೂಲಕ. ಅಮೆರಿಕದಲ್ಲಿದ್ದ ಮಗ ತಾನು ಮೆಚ್ಚಿದ ಹುಡುಗಿಯ ಬಗ್ಗೆ ಇ-ಮೇಲ್ ಬರೆದು ನಮ್ಮ ಒಪ್ಪಿಗೆ ಕೇಳಿದ್ದ. ‘ಸಂತೋಷ’ ಎಂಬ ನನ್ನ ಉತ್ತರ ಮೂರು ದಿನ ಔಟ್‌ಬಾಕ್ಸ್‌ನಲ್ಲೇ ಉಳಿಯಿತು. ನನ್ನ ಮೌನವನ್ನು ಆತ ನಿರಾಕರಣೆಯೆಂದು ಭಾವಿಸಿದ.

ಟಿ. ನರಸೀಪುರದ ಮಿತ್ರರೊಬ್ಬರು ಬಂದು ಕಾರಣ ಹುಡುಕಿದರು. ನಾನು ಸಂಪರ್ಕದ ಕಂಪನಿಯನ್ನು ಬದಲಿಸಿದ್ದೆ, ಹೊರಹೋಗುವ ಅಂಚೆಯ ಸರ್ವರ್ ಹೆಸರನ್ನು ಬದಲಿಸಿರಲಿಲ್ಲ. ಬರುವ ಅಂಚೆಗೆ ಪಾಸ್‌ವರ್ಡ್ ಸಾಕಿತ್ತು. ಕಳುಹಿಸುವ ಅಂಚೆಯ 1982ರ ಎಸ್‌ಎಂಟಿಪಿ ನಿಯಮದಲ್ಲಿ ಗುರುತು ಕೇಳುವ ಏರ್ಪಾಡೇ ಇರಲಿಲ್ಲ. ಆ ನಂಬಿಕೆಯನ್ನು ಸ್ಪ್ಯಾಮ್ ಕಳುಹಿಸುವವರು ಕೆಡಿಸಿದ ಮೇಲೆ, ಕಂಪನಿಗಳು ತಮ್ಮ ಸಂಪರ್ಕದವರಿಗಷ್ಟೇ ಬಾಗಿಲು ತೆರೆದವು.

ಹೆಸರು ತಿದ್ದಿದೊಡನೆ ಪತ್ರ ಹೊರಟಿತು. ಬಾಗಿಲು ಮುಚ್ಚಿದ್ದು ತಪ್ಪಲ್ಲ; ಅದು ಮುಚ್ಚಿದೆಯೆಂದು ಕನ್ನಡದಲ್ಲಿ ಒಂದು ಸಾಲು ತಿಳಿಸದೇ ಹೋದದ್ದು ತಪ್ಪು.